ಬೆರೆಯದಿದ್ದರೇ ಚೆನ್ನ

ಮೊಬೈಲ್ ಚಾರ್ಜರಿನ ವೈರು ಸಾಮಾನ್ಯವಾಗಿ ಕೆಡುವುದು ಕುತ್ತಿಗೆಯಲ್ಲಿ. ಮೆತ್ತಗಿನ ವೈರು ಗಟ್ಟಿ ಪಿನ್ನಿಗೆ ಸೇರುವ ಕಡೆ ಬಾಗಿ ಬಾಗಿ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದುಹೋಗುತ್ತವೆ. ತಾಮ್ರ ಬಾಗೀತು, ಆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವುದು ಅದರಿಂದ ಆಗದು. ನಮ್ಮ ಚರ್ಮಕ್ಕೋ ಅದು ದಿನನಿತ್ಯದ ಕೆಲಸ. ಮೊಣಕಾಲು ಮಡಚಿದಾಗ ಅದರ ಮೇಲಿನ ಚರ್ಮ ಶೇಕಡಾ 30ರಷ್ಟು ಹಿಗ್ಗುತ್ತದೆ. ಅಲ್ಲಿಗೆ ಅಂಟಿಸುವ ವಿದ್ಯುತ್ ಸಾಧನವೂ ಅಷ್ಟೇ ಹಿಗ್ಗಬೇಕು.

ತಾಮ್ರಕ್ಕೆ ಆಗದ್ದು ಪ್ಲಾಸ್ಟಿಕ್ಕಿಗೆ ಆದೀತೇ? ಪ್ಲಾಸ್ಟಿಕ್ಕಿನಲ್ಲೂ ಕರೆಂಟು ಚೆನ್ನಾಗಿ ಹರಿಯಬಲ್ಲದೆಂದು ಸ್ಪಷ್ಟವಾಗಿದ್ದು 1977ರಲ್ಲಿ. ಜಪಾನಿನ ಶಿರಾಕಾವಾ, ಅಮೆರಿಕದಲ್ಲಿದ್ದ ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡಿನ್ ಆವಿ ತಾಗಿಸಿದಾಗ ಅದರ ವಾಹಕತೆ ಲಕ್ಷಾಂತರ ಪಟ್ಟು ಏರಿತು. (ಅದಕ್ಕೂ ಮುಂಚೆ ಶಿರಾಕಾವಾ ಪ್ರಯೋಗಾಲಯದಲ್ಲಿ ಯಾರೋ ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಸುರಿದು, ಬೆಳ್ಳಿಯಂತೆ ಹೊಳೆಯುವ ಪಾಲಿಅಸಿಟಿಲೀನ್ ಹಾಳೆ ಸಿಕ್ಕಿತ್ತು. ಅಳತೆ ತಪ್ಪಿದ್ದು ಒಳ್ಳೆಯದೇ ಆಯಿತು.) 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಆದರೆ ಈ ಪಾಲಿಮರುಗಳು ಒಣಗಿದ ಹಪ್ಪಳದ ಜಾತಿಯವು. ಇವತ್ತು ಬಹಳ ಬಳಕೆಯಲ್ಲಿರುವ ಪೆಡಾಟ್-ಪಿಎಸ್ಎಸ್ ಪದರವನ್ನು ಶೇಕಡಾ ಐದರ ಆಸುಪಾಸು ಎಳೆದರೆ ಬಿರುಕು ಬಿಡುತ್ತದೆ. ಕಾರಣ ಅಣುವಿನ ರಚನೆಯಲ್ಲೇ ಇದೆ. ಎಲೆಕ್ಟ್ರಾನು ಸರಾಗವಾಗಿ ಓಡಲು ಅಣುಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರಬೇಕು. ಅಂಥ ಸರಪಳಿ ಚಪ್ಪಟೆಯಾಗಿ, ಸೆಟೆದು ನಿಲ್ಲುತ್ತದೆ. ರಬ್ಬರಿನದು ತದ್ವಿರುದ್ಧ: ಸಿಕ್ಕುಬಿದ್ದ ನೂಲುಂಡೆಯಂತೆ ಸುರುಳಿ ಸುತ್ತಿಕೊಂಡಿದ್ದು, ಎಳೆದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮುದುಡುತ್ತದೆ. ಕರೆಂಟನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ.

ಹಾಗಾದರೆ ಎರಡನ್ನೂ ಕಲಸಿಬಿಟ್ಟರೆ? ಉದ್ದುದ್ದ ಸರಪಳಿಯ ಎರಡು ಪಾಲಿಮರುಗಳು ಸಾಮಾನ್ಯವಾಗಿ ಕೂಡುವುದೇ ಇಲ್ಲ. ದ್ರಾವಕ ಆರುತ್ತಿದ್ದಂತೆ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲಿದಂತೆ, ಬೇರೆ ಬೇರೆಯಾಗುತ್ತವೆ. ಎರಡೂ ನಿಜವಾಗಿ ಕೂಡಿದ್ದರೂ ಲಾಭವಿರಲಿಲ್ಲ. ಒಂದೊಂದು ವಾಹಕ ಸರಪಳಿಯೂ ರಬ್ಬರಿನ ನಡುವೆ ಒಂಟಿಯಾಗಿ ಕರೆಂಟಿಗೆ ದಾರಿಯೇ ತಪ್ಪುತ್ತಿತ್ತು. ನನಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ: ಕೂಡದಿರುವ ಈ ಹಟವನ್ನೇ ಉಪಾಯವಾಗಿ ಬಳಸಿಕೊಂಡದ್ದು.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೆನಾನ್ ಬಾವೊ ಅವರ ತಂಡ ಅರೆವಾಹಕ ಪಾಲಿಮರನ್ನು ಎಸ್‌ಇಬಿಎಸ್ ಎಂಬ ರಬ್ಬರಿನೊಂದಿಗೆ ಕಲಸಿ ತೆಳುವಾಗಿ ಹರಡಿತು. ರಬ್ಬರೇ ಹೆಚ್ಚು, ಅರೆವಾಹಕ ಕಡಿಮೆ. ಬೇರ್ಪಡುವಿಕೆ ಹತ್ತಾರು ನ್ಯಾನೊಮೀಟರಿನಲ್ಲೇ ನಿಂತುಹೋಗಿ, ಅರೆವಾಹಕವು ರಬ್ಬರಿನೊಳಗೆ ಶ್ಯಾವಿಗೆಯ ಬಲೆಯಂತೆ ಹೆಣೆದುಕೊಂಡಿತು. ಇಷ್ಟು ಸಣ್ಣ ಎಳೆಯೊಳಗೆ ದೊಡ್ಡ ಹರಳು ಕಟ್ಟಲು ಜಾಗವಿಲ್ಲ; ಹರಳಿಲ್ಲದ ಕಡೆ ಸೆಟೆಯುವುದೂ ಕಡಿಮೆ. ಬಲೆ ಮಾತ್ರ ಎಲ್ಲೂ ತುಂಡಾಗಿಲ್ಲ. ಪದರವನ್ನು ಎರಡು ಪಟ್ಟು ಉದ್ದ ಎಳೆದರೂ ಅದರ ವಿದ್ಯುತ್ ಗುಣ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಪೆಡಾಟ್-ಪಿಎಸ್ಎಸ್‌ಗೆ ಬೇರೆಯೇ ತಕರಾರು. ಅದು ನೀರಿನಲ್ಲಿ ಹರಡಿರುವ ವಸ್ತು, ಬಹುತೇಕ ರಬ್ಬರುಗಳಿಗೆ ನೀರು ಆಗದು. ಹಾಗಾಗಿ ನೀರಿನಲ್ಲಿ ಹಾಲಿನಂತೆ ಹರಡಿಕೊಳ್ಳುವ ಪಾಲಿಯುರೆಥೇನನ್ನು ಅದರ ಜೊತೆಗಾರನಾಗಿ ಬಳಸುವುದುಂಟು. ಇಂಥ ಪದರವನ್ನು ಎಳೆದಾಗ ಅದರ ರೋಧ ಬದಲಾದರೆ ಅದು ತಂತಿಗೆ ದೋಷ, ಬೆರಳಿನ ಮಡಿಕೆ ಅಳೆಯುವ ಸಂವೇದಕಕ್ಕೆ ಅದೇ ಬಂಡವಾಳ.

ಇಷ್ಟಾದರೂ ಪದರದ ತುದಿಯಲ್ಲಿ ಬ್ಯಾಟರಿ, ಸಿಲಿಕಾನ್ ಚಿಪ್ ಎಂಬ ಗಟ್ಟಿ ನೆಂಟರಿದ್ದಾರೆ. ಎಳೆದಾಗ ಒತ್ತಡವೆಲ್ಲ ಬಂದು ನಿಲ್ಲುವುದು ಮೆತ್ತಗಿನದು ಗಟ್ಟಿಯದಕ್ಕೆ ಸೇರುವ ಗೆರೆಯಲ್ಲಿ, ಅಂದರೆ ಚಾರ್ಜರ್ ವೈರಿನ ಅದೇ ಕುತ್ತಿಗೆಯಲ್ಲಿ.