ನಾರುಹುಣ್ಣು ಹೋಯಿತು, ಹಲ್ಲು ಕಂದಿತು

ಪಾವಗಡದ ಕಡೆ ಹುಡುಗನೊಬ್ಬ ಬಾಯ್ತುಂಬ ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಗೆರೆಗಳು ಕಾಣುವುದುಂಟು. ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳುಪು, ನಡುವೆ ಟೀ ಚೆಲ್ಲಿದಂಥ ಕಂದು. ಬೇವಿನ ಕಡ್ಡಿ, ಇದ್ದಿಲು, ಪೇಸ್ಟು ಯಾವುದರಿಂದ ತಿಕ್ಕಿದರೂ ಹೋಗದು. ಹೊರಗಿನಿಂದ ಹತ್ತಿದ ಕಲೆಯಾದರೆ ತಾನೇ ಹೋಗಲು? ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವಾಗಲೇ ಸೇರಿದ್ದು ಅದು. ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಲೆಕ್ಕ.

ಈ ಲೆಕ್ಕವನ್ನು ಮೊದಲು ಬಿಡಿಸಿದ್ದು ದೂರದ ಅಮೆರಿಕದಲ್ಲಿ. ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಕಂದು ಹಲ್ಲಿನ ಬೆನ್ನುಹತ್ತಿದರು. ಕಾರಣ ಸಿಗಲು ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಎಚ್.ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ನೀರಿನಲ್ಲಿ ಫ್ಲೋರೈಡ್ ಹಿಡಿದು ತೋರಿಸಿದರು. ಆ ಕಂದು ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದನ್ನೂ ಮೆಕೇ ಗಮನಿಸಿದ್ದರು. ಆ ಎಳೆ ಹಿಡಿದೇ 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣ ನಲ್ಲಿನೀರಿಗೆ ಫ್ಲೋರೈಡ್ ಬೆರೆಸಿತು. ಮುಂದೆ ಅದು ಪೇಸ್ಟಿನ ಟ್ಯೂಬಿಗೂ ಬಂತು.

ನಮ್ಮ ಕಡೆ ಬೆರೆಸುವ ಅಗತ್ಯವೇ ಇರಲಿಲ್ಲ. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ನೆಲ್ಲೂರು ಜಿಲ್ಲೆಯಿಂದ ಕೊಟ್ಟ ವರದಿಯಲ್ಲಿ ಮಾತು ಹಲ್ಲಿಗೇ ನಿಲ್ಲಲಿಲ್ಲ. ಬೆನ್ನು ಸೆಟೆದು, ಕೀಲು ಬಿಗಿದು ನೆಲಹಿಡಿದವರ ಕಥೆ ಅದರಲ್ಲಿತ್ತು.

ಕರ್ನಾಟಕದ ಬಯಲುಸೀಮೆಗೆ ಈ ಫ್ಲೋರೈಡಿನ ತೊಂದರೆ ದೊಡ್ಡದಾಗಿ ಬಂದದ್ದು ಒಳ್ಳೆಯ ಕೆಲಸದ ಬೆನ್ನಿಗೇ. ಮೆಟ್ಟಿಲುಬಾವಿಗೆ ಇಳಿದು ಕೊಡ ಅದ್ದಿದ ಕಾಲದಲ್ಲಿ ನಾರುಹುಣ್ಣಿನ ಕಾಟವಿತ್ತು. ಕಾಲಿನ ಚರ್ಮ ಒಡೆದು ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ತಡೆಯಲು ಊರೂರಿಗೆ ಕೊಳವೆಬಾವಿ, ಕೈಪಂಪು ಬಂದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂಬ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಕೆರೆಯ ನೀರಿಗೆ ಇಲ್ಲದ ಗುಣ ಆಳದ ನೀರಿಗಿತ್ತು. ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ, ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರದ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನದಂಡ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ರಾಯಚೂರು ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳು ಆ ಗೆರೆ ದಾಟಿವೆ.

ಮದ್ದು ಹುಡುಕಿದ್ದೂ ಹಂತಹಂತವಾಗಿಯೇ. 1970ರ ದಶಕದಲ್ಲಿ ನಾಗಪುರದ ‘ನೀರಿ’ ಸಂಸ್ಥೆ ನಲ್ಗೊಂಡ ವಿಧಾನ ರೂಪಿಸಿತು. ಬಕೆಟ್ ನೀರಿಗೆ ಸುಣ್ಣ, ಪಟಿಕ, ಚೂರು ಬ್ಲೀಚಿಂಗ್ ಪುಡಿ ಹಾಕಿ ಕಲಕಿಬಿಟ್ಟರೆ, ಹಿಂಜಿದ ಹತ್ತಿಯಂಥ ಗಷ್ಟು ಫ್ಲೋರೈಡನ್ನು ಹೊತ್ತು ತಳಕ್ಕೆ ಕೂರುತ್ತದೆ. ಅಗ್ಗವೇನೋ ಹೌದು, ಆದರೆ ನೀರು ನೋಡಿ ಅಳತೆ ಬದಲಿಸಬೇಕು. ದಿನಾ ಅದನ್ನು ಮಾಡುವವರು ಯಾರು? ಆಮೇಲೆ ಬಂದದ್ದು ನಾಣ್ಯ ಹಾಕಿದರೆ ಕ್ಯಾನ್ ತುಂಬಿಸುವ ಆರ್‌ಒ ಘಟಕ. ಅದು ಸೋಸಿದ ಮೇಲೆ ಹೊರಚೆಲ್ಲುವ ಉಳಿಕೆ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿ. ಚರಂಡಿ ಹಿಡಿದು ಅದು ಮತ್ತೆ ಅದೇ ನೆಲಕ್ಕೆ.

ಇನ್ನು ಮನೆಯೊಳಗಿನ ಮಾತು. ನೀರು ಕಾಯಿಸಿದರೆ ಫ್ಲೋರೈಡ್ ಹೋಗದು, ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಕುಡಿಯಲು ಕ್ಯಾನ್ ನೀರು ತಂದು ಸಾರಿಗೆ, ಅನ್ನಕ್ಕೆ ಬೋರಿನ ನೀರನ್ನೇ ಸುರಿದರೆ ತಂದದ್ದು ವ್ಯರ್ಥ. ಹಾಲು, ಮೊಸರು, ರಾಗಿಯ ಕ್ಯಾಲ್ಸಿಯಂ ಮೈಗೆ ಕೊಂಚ ರಕ್ಷೆ. ಪೇಸ್ಟನ್ನು ದೂರಬೇಕಿಲ್ಲ, ಮಕ್ಕಳಿಗೆ ಬಟಾಣಿಗಿಂತ ಹೆಚ್ಚು ಹಾಕದೆ, ನುಂಗದೆ ಉಗುಳುವುದನ್ನು ಕಲಿಸಿದರೆ ಸಾಕು.

ಮುಂಡರಗಿ, ಪಾವಗಡ, ಬಾಗೇಪಲ್ಲಿ ಸೀಮೆಯ ಕೆಲವು ಮನೆಗಳಲ್ಲಿ ಚಾವಣಿಯಿಂದ ಪೈಪು ಇಳಿದು ನೆಲದ ತೊಟ್ಟಿ ಸೇರುತ್ತದೆ. ಮೊದಲ ಮಳೆಯ ಕೊಳೆನೀರು ಹೊರಗೆ, ಆಮೇಲಿನದು ಒಳಗೆ. ಬಂಡೆಯ ಸಹವಾಸವಿಲ್ಲದ ಆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಸಾವಿರ ಅಡಿ ಕೆಳಗೆ ಹುಡುಕಿ ಸೋತವರಿಗೆ ಬೇಕಾದ ನೀರು ಹತ್ತು ಅಡಿ ಮೇಲೆ, ಸೂರಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.