ಆಡಿದ್ದು ಬರುತ್ತದೆ, ಬಂದದ್ದು ಇಷ್ಟವಾಗುತ್ತದೆ

ಆಟದ ಪೀರಿಯಡ್ಡಿನ ಗಂಟೆ ಹೊಡೆದರೆ ಬಹಳಷ್ಟು ಶಾಲೆಗಳಲ್ಲಿ ಮೈದಾನ ತಾನಾಗಿಯೇ ಎರಡು ಪಾಲಾಗುತ್ತದೆ. ನಡುವಿನ ಬಯಲು ಹುಡುಗರ ಕ್ರಿಕೆಟ್‌ಗೆ, ಗೋಡೆ ಬದಿಯ ನೆರಳು ಹುಡುಗಿಯರ ಕುಂಟೆಬಿಲ್ಲೆಗೆ. ಕೇಳಿದರೆ ‘ನಮಗೆ ಇದೇ ಇಷ್ಟ’ ಎನ್ನುತ್ತಾರೆ. ಬಳಗಾನೂರು, ಮಸ್ಕಿ, ಸಿಂಧನೂರು ಕಡೆಯ ಶಿಕ್ಷಕರು ಆ ಉತ್ತರವನ್ನೇ ಕೊನೆಯದೆಂದು ಒಪ್ಪಿಕೊಳ್ಳಬೇಕಿಲ್ಲ.

ಇಷ್ಟ ಬೆಳೆಯುವ ಬಗೆ

ಹತ್ತು ವರ್ಷದವರೆಗೆ ಓಟ, ಜಿಗಿತಗಳಲ್ಲಿ ಹುಡುಗ–ಹುಡುಗಿಯರ ದೇಹಬಲದ ವ್ಯತ್ಯಾಸ ಅಲ್ಪ. ಎಸೆತದಲ್ಲಿ ಮಾತ್ರ ಅಂತರ ಬೇಗ ಕಾಣುತ್ತದೆ. ಅದರಲ್ಲಿ ಅಭ್ಯಾಸದ ಪಾಲೂ ಇದೆ. ಹುಡುಗ ಓಣಿಯಲ್ಲಿ ಚೆಂಡು ಎಸೆಯುತ್ತ ಬೆಳೆಯುತ್ತಾನೆ. ಅದೇ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗಿಯ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಾರೆ. ಬಾರದ ಆಟದಲ್ಲಿ ನಗೆಪಾಟಲಾಗುವ ಭಯವೇ ಮುಂದೆ ‘ಇಷ್ಟವಿಲ್ಲ’ ಆಗುತ್ತದೆ. ಆಟ ಬಿಟ್ಟರೆ ಮೈಯ ಚಟುವಟಿಕೆಯೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ. 2016ರಲ್ಲಿ 11–17 ವಯಸ್ಸಿನವರಲ್ಲಿ ಅಷ್ಟು ಚಟುವಟಿಕೆ ಇಲ್ಲದವರು ಜಗತ್ತಿನಾದ್ಯಂತ ಶೇ 81. ಹುಡುಗಿಯರಲ್ಲಿ ಶೇ 85, ಹುಡುಗರಲ್ಲಿ ಶೇ 78.

ಪೀರಿಯಡ್ ನಡೆಸುವ ಬಗೆ

1. ನಾಯಕರಿಂದ ತಂಡ ಆರಿಸಬೇಡಿ. ಕೊನೆಗೆ ಉಳಿದ ಮಗು ಆಟವನ್ನೇ ಬಿಡಬಹುದು. ಸಾಲಾಗಿ ನಿಲ್ಲಿಸಿ ಒಂದು, ಎರಡು ಎಂದು ಎಣಿಸಿ ವಿಂಗಡಿಸಿ.

2. ಒಂದೇ ದೊಡ್ಡ ಆಟದ ಬದಲು ನಾಲ್ಕೈದು ಮಕ್ಕಳ ಗುಂಪು ಮಾಡಿ. ಎಸೆತ, ಲಗೋರಿ, ಹಗ್ಗಜಿಗಿತ, ಕುಂಟೆಬಿಲ್ಲೆಗಳನ್ನು ಎಲ್ಲರೂ ಸರದಿಯಲ್ಲಿ ಆಡಲಿ. ಹಗ್ಗಜಿಗಿತ ಹುಡುಗನ ಕಾಲಿಗೂ ಉಸಿರಿಗೂ ಬಲ ಕೊಡುತ್ತದೆ.

3. ಎಸೆತವನ್ನು ಬಿಡಿಬಿಡಿಯಾಗಿ ಕಲಿಸಿ: ಪಕ್ಕಕ್ಕೆ ನಿಲ್ಲುವುದು, ಎಸೆಯುವ ಕೈಯ ವಿರುದ್ಧ ಬದಿಯ ಕಾಲು ಮುಂದಿಡುವುದು, ಸೊಂಟ ತಿರುಗಿಸಿ ಕೈ ಬೀಸುವುದು.

4. ಕೆಲವು ವಾರಗಳ ನಂತರ ಇಷ್ಟದ ಆಟವನ್ನು ಚೀಟಿಯಲ್ಲಿ ಬರೆಸಿ. ಗೆಳೆಯರೆದುರು ಕೈ ಎತ್ತಿಸಿದರೆ ನಿಜ ಹೊರಬರುವುದಿಲ್ಲ.

ಖೊಖೊ ಏಕೆ ಒಳ್ಳೆಯದು?

ಕ್ರಿಕೆಟ್‌ನಲ್ಲಿ ಇಬ್ಬರು ಜೋರಿನವರೇ ಆಟವನ್ನೆಲ್ಲ ನುಂಗಬಹುದು. ಖೊಖೊದಲ್ಲಿ ಹಾಗಾಗದು. ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಓಡುತ್ತಾರೆ. ‘ಖೊ’ ಸಿಕ್ಕವರು ಏಳಲೇಬೇಕು. ಎರಡು ಕಂಬ, ಒಂದಿಷ್ಟು ಸುಣ್ಣ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಮಹಿಳೆಯರು, ಪುರುಷರು ಇಬ್ಬರೂ ಗೆದ್ದರು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿ.

ಬಳಗಾನೂರಿನಂಥ ಬಿಸಿಲ ಸೀಮೆಯಲ್ಲಿ ಶಾಲೆಯ ಆಟದ ಪೀರಿಯಡ್ಡಿಗೆ ಬೆಳಗಿನ ಹೊತ್ತೇ ಲೇಸು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಮೈದಾನವನ್ನೂ ತರಗತಿಗಳಿಗೆ ಆಟದ ಸಾಮಗ್ರಿಯನ್ನೂ ಒದಗಿಸಬೇಕೆನ್ನುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರು ಅದನ್ನು ಕೇಳಬೇಕು. ಮಗಳು ಸಂಜೆ ಅರ್ಧ ತಾಸು ಆಡಲೆಂದು ಮನೆಗೆಲಸವನ್ನು ಮಗನಿಗೂ ಹಂಚಬೇಕು. ಎಲ್ಲ ಆಟವನ್ನೂ ಆಡಿ ನೋಡಿದ ಮಗು ಕುಂಟೆಬಿಲ್ಲೆಯನ್ನೇ ಆರಿಸಿದರೂ ಸರಿ, ಆಗ ಆ ಆಯ್ಕೆ ಅದರದ್ದೇ.