ರಾಯಚೂರು ಸೀಮೆಯ ಭೂಕಂದಾಯ ಸುಧಾರಣೆ

ರಾಯಚೂರು ಸೀಮೆಯ ಭೂಕಂದಾಯ ಸುಧಾರಣೆಯು ಹೈದರಾಬಾದ್ ಸಂಸ್ಥಾನದ ದಿವಾನ ಮೊದಲನೆಯ ಸಾಲಾರ್ ಜಂಗ್ (ಅಧಿಕಾರಾವಧಿ 1853–1883) ಆರಂಭಿಸಿದ ತೆರಿಗೆ ಸುಧಾರಣೆಯ ಒಂದು ಭಾಗ. ತೆರಿಗೆ ವಸೂಲಿಯ ಗುತ್ತಿಗೆಯನ್ನು ರದ್ದುಪಡಿಸಿ, ರೈತನು ಕೊಡಬೇಕಾದ ಮೊತ್ತವನ್ನು ಮುಂಚಿತವಾಗಿ ನಿಗದಿಪಡಿಸುವುದು ಇದರ ಮುಖ್ಯ ಉದ್ದೇಶವಾಗಿತ್ತು. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಗೊರೇಬಾಳ ಮೊದಲಾದ ಗ್ರಾಮಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಗೆ ಸೇರಿವೆ.

ಹಿನ್ನೆಲೆ

ಸುಧಾರಣೆಗೆ ಮೊದಲು ಸಂಸ್ಥಾನದಲ್ಲಿ ಕಂದಾಯ ವಸೂಲಿಯ ಹಕ್ಕನ್ನು ತಾಲ್ಲೂಕುದಾರರೆಂಬ ಗುತ್ತಿಗೆದಾರರಿಗೆ ವಹಿಸಲಾಗುತ್ತಿತ್ತು. ಸರ್ಕಾರಕ್ಕೆ ಒಪ್ಪಿಕೊಂಡ ಮೊತ್ತಕ್ಕಿಂತ ಹೆಚ್ಚು ವಸೂಲಾದದ್ದು ಅವರ ಲಾಭವಾಗುತ್ತಿದ್ದುದರಿಂದ ರೈತರ ಮೇಲಿನ ಒತ್ತಡಕ್ಕೆ ಮಿತಿಯಿರಲಿಲ್ಲ. ಹಲವೆಡೆ ಬೆಳೆಯಲ್ಲಿಯೇ ಪಾಲು ಕೊಡುವ ಬಟಾಯಿ ಪದ್ಧತಿಯೂ ಇತ್ತು. ಈ ಪದ್ಧತಿಯಲ್ಲಿ ರಾಶಿಯ ಅಳತೆ ಮುಗಿಯುವವರೆಗೆ ಧಾನ್ಯವನ್ನು ಕಣದಿಂದ ಸಾಗಿಸುವಂತಿರಲಿಲ್ಲ.

1853ರ ಒಪ್ಪಂದದಂತೆ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟು, 1860ರಲ್ಲಿ ನಿಜಾಮರಿಗೆ ಹಿಂದಿರುಗಿತು.

ಸುಧಾರಣೆಯ ಕ್ರಮಗಳು

1865ರಲ್ಲಿ ಜಾರಿಗೆ ಬಂದ ಜಿಲಾಬಂದಿ ವ್ಯವಸ್ಥೆಯು ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಸಂಬಳ ಪಡೆಯುವ ಅಧಿಕಾರಿಗಳನ್ನು ನೇಮಿಸಿತು. ಗುತ್ತಿಗೆದಾರನನ್ನು ಸೂಚಿಸುತ್ತಿದ್ದ ತಾಲ್ಲೂಕುದಾರ ಎಂಬ ಹೆಸರು ಜಿಲ್ಲಾಧಿಕಾರಿಯ ಪದನಾಮವಾಯಿತು. ಅವನ ಕೆಳಗೆ ತಹಶೀಲ್ದಾರರು ಕೆಲಸ ಮಾಡುತ್ತಿದ್ದರು. ಲಿಂಗಸುಗೂರು ಸ್ವತಃ ಜಿಲ್ಲೆಯಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಗೊಳಿಸಲಾಯಿತು.

ಮುಂಬಯಿ ಪ್ರಾಂತದ ಮಾದರಿಯಲ್ಲಿ ಭೂಮಾಪನವೂ ಆರಂಭವಾಯಿತು. ಇದರಲ್ಲಿ ಹೊಲಗಳನ್ನು ಅಳೆದು ಸರ್ವೆ ನಂಬರು ಕೊಟ್ಟು, ಖುಷ್ಕಿ, ತರಿ ಮತ್ತು ಬಾಗಾಯತು ಎಂದು ವರ್ಗೀಕರಿಸಿ, ಮಣ್ಣಿನ ಗುಣಕ್ಕೆ ತಕ್ಕಂತೆ ದರ ಕಟ್ಟಲಾಗುತ್ತಿತ್ತು. ಆ ದರವು ಗೊತ್ತುಪಡಿಸಿದ ವರ್ಷಗಳವರೆಗೆ ಬದಲಾಗುತ್ತಿರಲಿಲ್ಲ. ಆದ್ದರಿಂದ ಎರೆಭೂಮಿಯ ಹೊಲಕ್ಕೂ ಕಲ್ಲುಭೂಮಿಯ ಹೊಲಕ್ಕೂ ಒಂದೇ ಭಾರ ಬೀಳುತ್ತಿರಲಿಲ್ಲ. ಶ್ರಮದಿಂದ ಇಳುವರಿ ಹೆಚ್ಚಿಸಿಕೊಂಡ ರೈತನಿಗೆ ಅವಧಿ ಮುಗಿಯುವವರೆಗೆ ತೆರಿಗೆ ಏರುತ್ತಿರಲಿಲ್ಲ. ಆಡಂ ಸ್ಮಿತ್ 1776ರಲ್ಲಿ ತೆರಿಗೆಗೆ ವಿಧಿಸಿದ ನಾಲ್ಕು ಸೂತ್ರಗಳಾದ ಸಮಾನತೆ, ನಿಶ್ಚಿತತೆ, ಅನುಕೂಲ ಹಾಗೂ ಮಿತವ್ಯಯಗಳಲ್ಲಿ ಮೊದಲ ಎರಡಕ್ಕೆ ಈ ಪದ್ಧತಿ ಹತ್ತಿರವಾಗಿದೆ.

ಮಿತಿಗಳು

ಸುಧಾರಣೆಯು ಮುಖ್ಯವಾಗಿ ಸರ್ಕಾರದ ನೇರ ಆಡಳಿತದಲ್ಲಿದ್ದ ದಿವಾನಿ ಭೂಮಿಗೆ ಅನ್ವಯವಾಯಿತು. ಜಹಗೀರುಗಳು, ನಿಜಾಮರ ಖಾಸಗಿ ಆಸ್ತಿಯಾದ ಸರ್ಫ್-ಎ-ಖಾಸ್ ಹಾಗೂ ಲಿಂಗಸುಗೂರು ತಾಲ್ಲೂಕಿನ ಗುರಗುಂಟದಂಥ ಸಂಸ್ಥಾನಗಳು ತಮ್ಮದೇ ಕಂದಾಯ ಆಡಳಿತ ಹೊಂದಿದ್ದವು. ಹೀಗಾಗಿ ಒಂದೇ ಬಗೆಯ ಮಣ್ಣಿನ ನೆರೆಹೊರೆಯ ಗ್ರಾಮಗಳಲ್ಲಿ ಬೇರೆ ಬೇರೆ ನಿಯಮಗಳು ನಡೆಯಲು ಅವಕಾಶ ಉಳಿಯಿತು. ದರವನ್ನು ನಗದಿನಲ್ಲಿ ನಿಶ್ಚಯಿಸಿದ್ದರಿಂದ, ಮಳೆ ಕೈಕೊಟ್ಟ ವರ್ಷ ಸರ್ಕಾರ ರಿಯಾಯಿತಿ ನೀಡದಿದ್ದರೆ ಪೂರ್ಣ ಭಾರ ರೈತನ ಮೇಲೆಯೇ ಬೀಳುತ್ತಿತ್ತು.

ನಂತರದ ಬೆಳವಣಿಗೆಗಳು

ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿದ ಬಳಿಕ 1949ರಲ್ಲಿ ಸರ್ಫ್-ಎ-ಖಾಸ್ ಭೂಮಿ ಸರ್ಕಾರದ ಆಡಳಿತದಲ್ಲಿ ವಿಲೀನವಾಯಿತು. ಅದೇ ವರ್ಷ ಜಹಗೀರುಗಳೂ ರದ್ದಾದವು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಪ್ರಾಂತಗಳಿಂದ ಬಂದ ಕಂದಾಯ ಕಾನೂನುಗಳ ಬದಲಿಗೆ 1964ರ ಭೂಕಂದಾಯ ಅಧಿನಿಯಮವು ರಾಜ್ಯಕ್ಕೆಲ್ಲ ಏಕರೂಪದ ವ್ಯವಸ್ಥೆಯನ್ನು ತಂದಿತು.